ಅಪ್‌ಲೋಡ್ ಮಾಡುವಾಗಲೇ ಕೈಕೊಡುತ್ತಿದ್ದ ವೈಫೈ

ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ಸಿರ್ಸಿ, ಸಿದ್ದಾಪುರ, ಸಾಗರದ ಕಡೆಯ ಮನೆಗಳ ಅಟ್ಟಗಳಲ್ಲಿ ಇಂಥ ಕ್ಯಾಸೆಟ್‌ಗಳು ಇನ್ನೂ ಸಿಗುತ್ತವೆ. ಕೆಲವಕ್ಕೆ ಬೂಷ್ಟು ಹಿಡಿದಿರುತ್ತದೆ, ಕೆಲವು ಒಂದು ಸಲ ಓಡಿದರೆ ಇನ್ನೊಂದು ಸಲ ಓಡುತ್ತವೆಂಬ ಭರವಸೆ ಇರುವುದಿಲ್ಲ. ಹಾಗಾಗಿ ಧ್ವನಿಯನ್ನು ಸ್ವಲ್ಪವೂ ಕುಗ್ಗಿಸದೆ, 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್‌ನ ವೇವ್ ಫೈಲಾಗಿಯೇ ಇಳಿಸುತ್ತೇನೆ. ಈ ಲೆಕ್ಕದಲ್ಲಿ ನಿಮಿಷಕ್ಕೆ 17 ಎಂಬಿಗೂ ಹೆಚ್ಚು. 90 ನಿಮಿಷದ ಒಂದು ಕ್ಯಾಸೆಟ್ ಎಂದರೆ ಒಂದೂವರೆ ಜಿಬಿ. ಅದನ್ನು ಬೆಂಗಳೂರಿನಲ್ಲಿರುವ ಅಣ್ಣನ ಮಗಳಿಗೆ ಕಳಿಸುತ್ತೇನೆ. ಧ್ವನಿ ಸಂಕಲನ ಅವಳ ವೃತ್ತಿ. ಟೇಪಿನ ಸರಸರ ಸದ್ದನ್ನು ತೆಗೆದು, ಭಾಗವತರ ಕಂಠವನ್ನು ಮೇಲಕ್ಕೆತ್ತಿ ಕೊಡುತ್ತಾಳೆ.

ಕಳೆದ ಮಳೆಗಾಲದಲ್ಲಿ ಈ ಕಳಿಸುವ ಕೆಲಸವೇ ನಿಂತುಹೋಯಿತು. ಅಪ್‌ಲೋಡ್ ಶುರುವಾಗಿ ಎರಡು ಮೂರು ನಿಮಿಷ ಓಡುತ್ತಿತ್ತು, ಆಮೇಲೆ ವೇಗ ಕುಸಿಯುತ್ತಿತ್ತು, ಕೊನೆಗೆ ವೈಫೈ ಸಂಪರ್ಕವೇ ಕಡಿದುಹೋಗುತ್ತಿತ್ತು. ಅರ್ಧ ನಿಮಿಷದಲ್ಲಿ ತಾನಾಗಿಯೇ ಮತ್ತೆ ಸೇರಿಕೊಳ್ಳುತ್ತಿತ್ತು, ಮತ್ತೆ ಕಡಿಯುತ್ತಿತ್ತು. ಅದೇ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ವಿಡಿಯೊ ನೋಡಿದರೂ, ದೊಡ್ಡ ಫೈಲುಗಳನ್ನು ಇಳಿಸಿಕೊಂಡರೂ ಏನೂ ಆಗುತ್ತಿರಲಿಲ್ಲ. “ಚಿಕ್ಕಪ್ಪ, ಈ ಸಲವೂ ಪೂರ್ತಿ ಬಂದಿಲ್ಲ” ಎಂದು ಮಗಳು ಮೂರನೆಯ ಸಲ ಹೇಳಿದಾಗ, ಇದರ ಬೇರು ಹುಡುಕಲೇಬೇಕೆಂದು ಕುಳಿತೆ.

ಮೊದಲು ತಿಳಿಯಬೇಕಾದದ್ದು ತೊಂದರೆ ಮನೆಯ ಒಳಗಿದೆಯೋ ಹೊರಗಿದೆಯೋ ಎಂಬುದು. ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪಿಂಗ್‌ಗಿಂತ ಇದಕ್ಕೆ ಸರಳವಾದ ಸಾಧನ ಇಲ್ಲ. ಎರಡು ಕಮಾಂಡ್ ಕಿಟಕಿಗಳನ್ನು ತೆರೆದು, ಒಂದರಲ್ಲಿ ರೂಟರ್‌ನ ವಿಳಾಸಕ್ಕೆ (ನಮ್ಮಲ್ಲಿ 192.168.1.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ವಿಳಾಸ 8.8.8.8ಕ್ಕೆ ನಿಲ್ಲದೆ ಪಿಂಗ್ ಹಾಕಿಟ್ಟು ಅಪ್‌ಲೋಡ್ ಶುರು ಮಾಡಿದೆ. ಎರಡನೆಯದು ಮಾತ್ರ ನಿಧಾನವಾದರೆ ದೋಷ ಹೊರಗಿನ ಲೈನಿನದು; ಅಪ್‌ಲೋಡ್ ಲೈನ್ ತುಂಬಿದಾಗ ಅಷ್ಟು ನಿಧಾನವಾಗುವುದು ಸಹಜ ಕೂಡ. ಆದರೆ ನಮ್ಮಲ್ಲಿ ರೂಟರ್‌ನ ಪಿಂಗ್ ಕೂಡ ಹದಗೆಟ್ಟಿತು. ಮೂರು ನಾಲ್ಕು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಉತ್ತರ ಇನ್ನೂರಕ್ಕೆ, ಒಂಬೈನೂರಕ್ಕೆ ಏರಿತು, ಆಮೇಲೆ ಸಾಲುಸಾಲಾಗಿ ‘ಟೈಮ್ಡ್ ಔಟ್’. ರೂಟರ್ ಇರುವುದು ಕೆಳಗಿನ ಚಾವಡಿಯಲ್ಲಿ, ನಾನು ಕೆಲಸ ಮಾಡುವುದು ಮೆತ್ತಿನ ಮೇಲೆ. ನಡುವಿನ ಆ ಹತ್ತು ಹದಿನೈದು ಅಡಿಯಲ್ಲೇ ಮಾತು ಸತ್ತುಹೋಗುತ್ತಿತ್ತು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಲ್ಯಾಪ್‌ಟಾಪ್ ಹೀಗೆ ಒದ್ದಾಡುತ್ತಿದ್ದಾಗಲೇ ಅದೇ ಮೇಜಿನ ಮೇಲಿದ್ದ ಮೊಬೈಲಿನಿಂದ ಅದೇ ವೈಫೈ ಮೂಲಕ ಒಂದು ವಿಡಿಯೊ ಕಳಿಸಿ ನೋಡಿದೆ, ಸಲೀಸಾಗಿ ಹೋಯಿತು. ರೂಟರ್ ನಿರಪರಾಧಿ. ಉಳಿದದ್ದು ಲ್ಯಾಪ್‌ಟಾಪ್.

ಇಲ್ಲಿಂದ ಹತ್ತು ದಿನ ದಾರಿ ತಪ್ಪಿದೆ. ಆದರೆ ಆ ದಾರಿಯೂ ತರ್ಕವಿಲ್ಲದ್ದಲ್ಲ. ಇಳಿಸಿಕೊಳ್ಳುವಾಗ ಲ್ಯಾಪ್‌ಟಾಪ್‌ನ ವೈಫೈ ಕಾರ್ಡು ಹೆಚ್ಚಾಗಿ ಕೇಳಿಸಿಕೊಳ್ಳುತ್ತದೆ. ಏರಿಸುವಾಗ ಬಿಡುವಿಲ್ಲದೆ ಮಾತಾಡಬೇಕು, ಅದಕ್ಕೆ ಹೆಚ್ಚು ವಿದ್ಯುತ್ ಬೇಕು. ಕಾರ್ಡಿನ ಮಾತಾಡುವ ಭಾಗ ಸೋತಿದ್ದರೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕೆಟ್ಟಿದ್ದರೆ, ವಿದ್ಯುತ್ ಉಳಿಸುವ ಏರ್ಪಾಡು ಅಡ್ಡ ಬಂದರೆ ಅಪ್‌ಲೋಡ್ ಮಾತ್ರ ನಿಲ್ಲುವುದುಂಟು. ಹಾಗಾಗಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಆಯ್ಕೆಯನ್ನು ತೆಗೆದೆ. ಡ್ರೈವರ್ ಹೊಸದು ಹಾಕಿದೆ, ಹಳೆಯದಕ್ಕೆ ಮರಳಿದೆ. ತಳದ ಮುಚ್ಚಳವನ್ನೂ ಬಿಚ್ಚಿದೆ. ಕಾರ್ಡಿನ ಮೇಲೆ ಒಂದು ಕಪ್ಪು, ಒಂದು ಬಿಳಿ, ಎರಡು ಸಪೂರ ಆಂಟೆನಾ ತಂತಿಗಳು ಟಿಚ್ ಬಟನ್‌ನಂತೆ ಕೂತಿರುತ್ತವೆ. ಅವು ಸಡಿಲವಾದರೂ ಇದೇ ಬಗೆಯ ತೊಂದರೆ ಬರುತ್ತದೆ. ಎರಡನ್ನೂ ಎತ್ತಿ ಮತ್ತೆ ಒತ್ತಿ ಕೂರಿಸಿದೆ. ಯಾವುದರಿಂದಲೂ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ.

ಆಮೇಲೆ ಐಪರ್ಫ್ ಹಾಕಿದೆ. ಇದು ಎರಡು ಕಂಪ್ಯೂಟರ್‌ಗಳ ನಡುವೆ ಬರೀ ದತ್ತಾಂಶವನ್ನು ಹರಿಸಿ ವೇಗ ಅಳೆಯುವ ಉಚಿತ ತಂತ್ರಾಂಶ. ಇಂಟರ್ನೆಟ್ಟಿನ ಗೊಡವೆಯೇ ಇಲ್ಲ. ಚಾವಡಿಯಲ್ಲಿ ರೂಟರ್‌ಗೆ ತಂತಿಯಿಂದ ಜೋಡಿಸಿದ ಹಳೆಯ ಡೆಸ್ಕ್‌ಟಾಪ್ ಒಂದು ತುದಿ, ಮೆತ್ತಿನ ಮೇಲಿನ ಲ್ಯಾಪ್‌ಟಾಪ್ ಇನ್ನೊಂದು ತುದಿ. ಸೆಕೆಂಡಿಗೆ 34 ಮೆಗಾಬಿಟ್‌ನಂತೆ ಹತ್ತು ನಿಮಿಷ ಒಂದೇ ಸಮನೆ ಏರಿಸಿತು. ಒಂದು ಸಲವೂ ಕಡಿಯಲಿಲ್ಲ. ಕಾರ್ಡು ಸೋತಿದ್ದರೆ ಇದು ಸಾಧ್ಯವೇ ಇರಲಿಲ್ಲ. ಐಪರ್ಫ್ ನಿಲ್ಲಿಸಿ ಕ್ಯಾಸೆಟ್ಟಿನ ಫೈಲನ್ನು ಕಳಿಸಲು ಕೂತೆ. ಮೂರೇ ನಿಮಿಷಕ್ಕೆ ಸಂಪರ್ಕ ಕಡಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ಪರೀಕ್ಷೆಗೆಂದು ಯುಎಸ್‌ಬಿಗೆ ಸಿಕ್ಕಿಸುವ ಉಗುರಿನಷ್ಟು ಚಿಕ್ಕ ವೈಫೈ ಡಾಂಗಲ್ ಕೊಟ್ಟ. “ಸರ್, ಇದರಲ್ಲಿ ಸರಿಯಾದರೆ ಒಳಗಿನ ಕಾರ್ಡು ಬದಲಿಸಿಬಿಡೋಣ” ಎಂದ. ಮಾತು ಸರಿಯಾಗಿಯೇ ಇತ್ತು. ಆದರೆ ಡಾಂಗಲ್‌ನಲ್ಲಿ ತೊಂದರೆ ಇನ್ನೂ ಹೆಚ್ಚಾಯಿತು: ಅಪ್‌ಲೋಡ್ ಒಂದು ನಿಮಿಷವೂ ನಿಲ್ಲಲಿಲ್ಲ. ಎರಡು ಬೇರೆ ಬೇರೆ ಕಾರ್ಡು, ಎರಡು ಬೇರೆ ಡ್ರೈವರ್, ರೋಗ ಒಂದೇ. ಹಾಗಾದರೆ ಎರಡಕ್ಕೂ ಸಮಾನವಾಗಿರುವುದು ಏನು?

ಉತ್ತರ ಸಿಕ್ಕಿದ್ದು ಮೌಸಿನಿಂದ. ಪಿಂಗ್ ಸಾಲುಗಳನ್ನು ನೋಡುತ್ತ ಬಾಣದ ಗುರುತನ್ನು ಸರಿಸುತ್ತಿದ್ದೆ. ಅದು ನೀರಿನಂತೆ ಹರಿಯದೆ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಮೌಸು ತಂತಿಯಿಲ್ಲದ್ದು, ಅದರ ರಿಸೀವರ್ ಎಡಬದಿಯ ಪೋರ್ಟಿನಲ್ಲಿತ್ತು. ತಂತಿಯಿಲ್ಲದ ಇಂಥ ಮೌಸುಗಳು ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನಲ್ಲೇ, ನಮ್ಮ ಮೆತ್ತಿಗೆ ಮುಟ್ಟುವ ವೈಫೈಯೂ 2.4 ಗಿಗಾಹರ್ಟ್ಸ್‌ನದೇ. ರಿಸೀವರ್‌ನ ಪಕ್ಕಕ್ಕೆ ಕಣ್ಣು ಹಾಯಿಸಿದೆ. ನೀಲಿ ನಾಲಗೆಯ ಯುಎಸ್‌ಬಿ 3 ಪೋರ್ಟಿನಲ್ಲಿ ನನ್ನ ಹೊರಗಿನ ಹಾರ್ಡ್ ಡಿಸ್ಕ್. ಅದರ ಗಿಡ್ಡ ತಂತಿ ಲ್ಯಾಪ್‌ಟಾಪ್ ಪರದೆಯ ಕೀಲಿಗೆ ತಾಗಿಕೊಂಡೇ ಬಿದ್ದಿತ್ತು. ಡಿಸ್ಕಿನ ದೀಪ ಮಿಣುಕುತ್ತಿತ್ತು.

ಕ್ಯಾಸೆಟ್ಟಿನ ಫೈಲುಗಳೆಲ್ಲ ಇರುವುದು ಆ ಡಿಸ್ಕಿನಲ್ಲಿ. ವಿಡಿಯೊ ನೋಡುವಾಗ ಅದನ್ನು ಸಿಕ್ಕಿಸಿರುವುದಿಲ್ಲ. ಐಪರ್ಫ್‌ಗೆ ಫೈಲೇ ಬೇಕಾಗಿಲ್ಲ, ಅದು ಓಡುತ್ತಿದ್ದಾಗ ಡಿಸ್ಕು ಕಪಾಟಿನಲ್ಲಿತ್ತು. ಅಪ್‌ಲೋಡ್ ಮಾಡುವಾಗ ಮಾತ್ರ ಅದು ತಪ್ಪದೆ ಜೊತೆಗಿರುತ್ತಿತ್ತು. ಹತ್ತು ದಿನ ನಾನು ‘ಅಪ್‌ಲೋಡ್ ತೊಂದರೆ’ ಎಂದು ಕರೆದದ್ದು ಹಾರ್ಡ್ ಡಿಸ್ಕಿನ ತೊಂದರೆ.

ಕೂಡಲೇ ಫೈಲನ್ನು ಲ್ಯಾಪ್‌ಟಾಪ್ ಒಳಕ್ಕೆ ನಕಲು ಮಾಡಿ, ಡಿಸ್ಕು ಕಳಚಿ, ಒಳಗಿನಿಂದಲೇ ಕಳಿಸಿದೆ. ಒಂದೂವರೆ ಜಿಬಿ ಸುಮಾರು ಆರು ನಿಮಿಷದಲ್ಲಿ ಪೂರ್ತಿಯಾಗಿ ಹೋಯಿತು. ಆದರೆ ಒಂದು ಸಲ ಸರಿಯಾದದ್ದನ್ನು ನಾನು ಪುರಾವೆ ಎಂದು ಒಪ್ಪುವುದಿಲ್ಲ. ರೋಗವನ್ನು ಬೇಕೆಂದಾಗ ಬರಿಸಲು ಸಾಧ್ಯವಾಗಬೇಕು. ಮತ್ತೆ ಐಪರ್ಫ್ ಓಡಿಸಿದೆ. 34, 33, 34 ಎಂದು ಸಾಗುತ್ತಿತ್ತು. ಡಿಸ್ಕನ್ನು ಸಿಕ್ಕಿಸಿ ಅದರಿಂದ ಒಂದು ದೊಡ್ಡ ಫೈಲಿನ ನಕಲು ಶುರು ಮಾಡಿದೆ. 34 ಇದ್ದದ್ದು 11 ಆಯಿತು, 3 ಆಯಿತು, ಸೊನ್ನೆ. ನಕಲು ನಿಲ್ಲಿಸಿ ಡಿಸ್ಕು ಕಳಚಿದೆ, ಕೆಲವೇ ಸೆಕೆಂಡಿನಲ್ಲಿ ಮತ್ತೆ 34. ನಾಲ್ಕು ಸಲ ಹೀಗೆ ಮಾಡಿದೆ, ನಾಲ್ಕು ಸಲವೂ ಹಾಗೆಯೇ ಆಯಿತು.

ಇದರ ಕಾರಣ ಹೊಸದಾಗಿ ಪತ್ತೆಯಾದದ್ದೇನಲ್ಲ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ತಾಂತ್ರಿಕ ಬರಹ ಪ್ರಕಟಿಸಿದೆ. ಯುಎಸ್‌ಬಿ 3 ತಂತಿಯಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಸಂಕೇತಗಳು ಓಡುತ್ತವೆ. ಆ ಓಟದಿಂದ ಏಳುವ ರೇಡಿಯೊ ಗದ್ದಲ ವಿಶಾಲವಾಗಿ ಹರಡಿಕೊಂಡು 2.4ರಿಂದ 2.5 ಗಿಗಾಹರ್ಟ್ಸ್ ವಲಯವನ್ನೂ ತುಂಬುತ್ತದೆ. ಪೋರ್ಟು, ತಂತಿ, ಡಿಸ್ಕಿನ ಕವಚ ಇವುಗಳಲ್ಲಿ ಎಲ್ಲಿ ಲೋಹದ ಹೊದಿಕೆ ಸರಿಯಿಲ್ಲವೋ ಅಲ್ಲಿಂದ ಅದು ಹೊರಗೆ ಸೋರುತ್ತದೆ. ಗದ್ದಲ 20 ಡೆಸಿಬೆಲ್‌ನಷ್ಟು ಏರಬಹುದು ಎನ್ನುತ್ತದೆ ಆ ಬರಹ. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಲ್ಯಾಪ್‌ಟಾಪ್‌ಗಳ ವೈಫೈ ಆಂಟೆನಾ ಸಾಮಾನ್ಯವಾಗಿ ಪರದೆಯ ಚೌಕಟ್ಟಿನಲ್ಲಿರುತ್ತದೆ, ಅದರ ತಂತಿ ಕೀಲಿಯ ಮೂಲಕ ಕೆಳಗಿಳಿಯುತ್ತದೆ. ನನ್ನ ಡಿಸ್ಕು ಸರಿಯಾಗಿ ಅದರ ಬುಡದಲ್ಲಿತ್ತು. ಡಾಂಗಲ್ ಸಿಕ್ಕಿಸಿದಾಗ ಇನ್ನೂ ಕೆಟ್ಟದ್ದೇಕೆಂಬುದೂ ಆಗ ತಿಳಿಯಿತು: ಅದು ಡಿಸ್ಕಿನ ಮಗ್ಗುಲ ಪೋರ್ಟಿನಲ್ಲೇ ಇತ್ತು.

ಕಳಿಸುವ ಲ್ಯಾಪ್‌ಟಾಪ್‌ಗೆ ಗದ್ದಲದಿಂದ ಏನು ತೊಂದರೆ ಎಂದು ಕೇಳಬಹುದು. ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಲ್ಲ, ವೈಫೈಯಲ್ಲೂ ಹಾಗೆಯೇ. ಲ್ಯಾಪ್‌ಟಾಪ್ ಒಂದು ತುಣುಕು ಕಳಿಸಿದ ಕೂಡಲೇ ರೂಟರ್ ‘ಹೂಂ, ಬಂತು’ ಎನ್ನಬೇಕು. ಆ ಹೂಂ ಕೇಳಿಸದಿದ್ದರೆ ತುಣುಕು ತಲುಪಲಿಲ್ಲವೆಂದು ತಿಳಿದು ಲ್ಯಾಪ್‌ಟಾಪ್ ಅದನ್ನೇ ಮತ್ತೆ ಕಳಿಸುತ್ತದೆ, ವೇಗ ಇಳಿಸಿ ಇನ್ನೊಮ್ಮೆ ಕಳಿಸುತ್ತದೆ. ರೂಟರ್ ಹೂಂಗುಟ್ಟುತ್ತಲೇ ಇತ್ತು. ನನ್ನ ಲ್ಯಾಪ್‌ಟಾಪ್‌ನ ಕಿವಿಯ ಪಕ್ಕದಲ್ಲಿ ಡಿಸ್ಕು ಚೆಂಡೆ ಬಾರಿಸುತ್ತಿತ್ತು. ಇದಲ್ಲದೆ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ‘ನಾನಿದ್ದೇನೆ’ ಎಂಬ ಸಂಕೇತ ಹೊರಡಿಸುತ್ತಿರುತ್ತದೆ. ಅದು ಸಾಲಾಗಿ ತಪ್ಪಿದಾಗ ರೂಟರ್ ಇಲ್ಲವೆಂದು ತೀರ್ಮಾನಿಸಿ ಲ್ಯಾಪ್‌ಟಾಪ್ ಸಂಪರ್ಕ ಬಿಟ್ಟುಬಿಡುತ್ತದೆ. ನಾನು ಬಾಯಿಗೆ ಔಷಧಿ ಮಾಡುತ್ತಿದ್ದೆ, ಕೆಟ್ಟದ್ದು ಕಿವಿ.

ಪರದೆಯ ಮೂಲೆಯ ವೈಫೈ ಗೆರೆಗಳು ಇಡೀ ಹೊತ್ತು ಮೂರು ತುಂಬಿದ್ದೂ ನನ್ನ ದಾರಿ ತಪ್ಪಿಸಿತ್ತು. ಆ ಗೆರೆಗಳು ತೋರಿಸುವುದು ರೂಟರ್‌ನ ದನಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ. ಸುತ್ತಲಿನ ಗದ್ದಲ ಎಷ್ಟಿದೆ ಎಂಬುದನ್ನಲ್ಲ. ಲ್ಯಾಪ್‌ಟಾಪನ್ನು ಚಾವಡಿಗೆ ಒಯ್ದು ರೂಟರ್ ಎದುರಿಗೇ ಇಟ್ಟಾಗ ಡಿಸ್ಕು ಇದ್ದರೂ ಸಂಪರ್ಕ ಕಡಿಯಲಿಲ್ಲ, ವೇಗ ಮಾತ್ರ ಅರ್ಧವಾಯಿತು. ದನಿ ಹತ್ತಿರವಿದ್ದರೆ ಗದ್ದಲದಲ್ಲೂ ಕೇಳುತ್ತದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆ, ಮೆತ್ತಿಗೆ ಬರುವಷ್ಟರಲ್ಲಿ ಆ ದನಿ ಸೊರಗಿರುತ್ತದೆ.

ಪರಿಹಾರಕ್ಕೆ ಮೊದಲು ಹೊಳೆಯುವುದು 5 ಗಿಗಾಹರ್ಟ್ಸ್‌ನ ವೈಫೈ. ಈ ಗದ್ದಲ ಅಲ್ಲಿ ಕಾಡುವುದಿಲ್ಲ. ಚಾವಡಿಯಲ್ಲಿ ಅದನ್ನೇ ಬಳಸುತ್ತೇನೆ, ಆದರೆ ನಮ್ಮ ಗೋಡೆಗಳನ್ನು ದಾಟಿ ಮೆತ್ತಿಗೆ ಅದು ಏರುವುದಿಲ್ಲ. ಡಿಸ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ನೋಡಿದೆ. ಸ್ವಲ್ಪ ಗುಣ ಕಂಡಿತಾದರೂ ಡಿಸ್ಕು ಬಿಸಿಯಾಗತೊಡಗಿತು. ಆ ಉಪಾಯವನ್ನು ಮಾಡಿ ಎಂದು ಯಾರಿಗೂ ಹೇಳಲಾರೆ. ಒಂದು ಮೀಟರ್ ಉದ್ದದ ಒಳ್ಳೆಯ ಹೊದಿಕೆಯಿರುವ ಎಕ್ಸ್‌ಟೆನ್ಷನ್ ತಂತಿ ಹಾಕಿ ಡಿಸ್ಕನ್ನು ಮೇಜಿನ ಕೆಳಗಿಟ್ಟಾಗ ಸಂಪರ್ಕ ಕಡಿಯುವುದು ನಿಂತಿತು, ವೇಗ 25ರವರೆಗೆ ಬಂತು.

ನನಗೆ ಅತಿ ಹೆಚ್ಚು ಒಗ್ಗಿದ ಉಪಾಯಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಹೊರಗಿನ ಡಿಸ್ಕಿನ ಅಗಲವಾದ ಯುಎಸ್‌ಬಿ 3 ಮೈಕ್ರೊ ಕಿಂಡಿಯನ್ನು ಹತ್ತಿರದಿಂದ ನೋಡಿ: ಅದು ಎರಡು ಭಾಗವಾಗಿದೆ. ದೊಡ್ಡ ಭಾಗದ ಆಕಾರ ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೊ ಯುಎಸ್‌ಬಿ ಪಿನ್ನಿನದೇ. ದತ್ತಾಂಶವನ್ನೂ ಸಾಗಿಸುವ ಅಂಥ ಕೇಬಲ್ ಸಿಕ್ಕಿಸಿದರೆ ಡಿಸ್ಕು ಯುಎಸ್‌ಬಿ 2 ಆಗಿ ಕೆಲಸ ಮಾಡುತ್ತದೆ. ಆಗ ತಂತಿಯ ವೇಗ ಸೆಕೆಂಡಿಗೆ 480 ಮೆಗಾಬಿಟ್, 2.4 ಗಿಗಾಹರ್ಟ್ಸ್ ವಲಯಕ್ಕೆ ಆ ಗದ್ದಲ ತಟ್ಟುವುದಿಲ್ಲ. ನನ್ನ ಅಪ್‌ಲೋಡಿಗೆ ಬೇಕಾದದ್ದು 34; ಅದರ ಹತ್ತು ಪಟ್ಟಿಗೂ ಹೆಚ್ಚು ಇಲ್ಲಿದೆ. ಕೇಬಲ್ ತೀರ ಸಪೂರವಾಗಿದ್ದರೆ ಡಿಸ್ಕಿಗೆ ವಿದ್ಯುತ್ ಸಾಲದೆ ಟಿಕ್ ಟಿಕ್ ಎಂದು ನಿಲ್ಲಬಹುದು. ಹಾಗಾದರೆ ಒತ್ತಾಯ ಮಾಡದೆ ಕೇಬಲ್ ಬದಲಿಸಿ, ಡಿಸ್ಕಿನಲ್ಲಿರುವ ಧ್ವನಿಗಳಿಗೆ ಇನ್ನೊಂದು ಪ್ರತಿ ಇಲ್ಲದಿರಬಹುದು. ಈಚಿನ ಸಿ ಬಗೆಯ ಕಿಂಡಿಯ ಡಿಸ್ಕುಗಳಿಗೂ ಈ ಉಪಾಯ ನಡೆಯುತ್ತದೆ. ಚಾರ್ಜಿಂಗ್‌ಗೆಂದು ಬರುವ ಬಹುಪಾಲು ಸಿ ಕೇಬಲ್‌ಗಳ ಒಳಗೆ ಇರುವುದು ಯುಎಸ್‌ಬಿ 2ರ ತಂತಿಗಳೇ.

ಈಗ ನನ್ನ ಬಳಿ ಎರಡು ಕೇಬಲ್‌ಗಳಿವೆ. ನೀಲಿ ತುದಿಯದ್ದು ನಕಲು ಮಾಡಿಕೊಳ್ಳುವಾಗ, ಕೆಂಪು ದಾರ ಕಟ್ಟಿದ ಹಳೆಯ ಮೊಬೈಲ್ ಕೇಬಲ್ ಕಳಿಸುವಾಗ. ಮಳೆಗಾಲದಲ್ಲಿ ಉಳಿದುಹೋಗಿದ್ದ ಹದಿನೇಳು ಕ್ಯಾಸೆಟ್‌ಗಳೂ ಆ ದಾರ ಕಟ್ಟಿದ ಕೇಬಲ್‌ನಲ್ಲೇ ಬೆಂಗಳೂರಿಗೆ ಹೋದವು. ಕೊನೆಯದರ ಎರಡನೆಯ ಬದಿಯಲ್ಲಿ, ಮಂಗಳ ಪದ್ಯ ಮುಗಿದ ಮೇಲೆ, ಯಾರದೋ ಮನೆಯ ಕೊಟ್ಟಿಗೆಯಿಂದ ಕರು ಕೂಗುವುದು ಕೇಳಿಸುತ್ತದೆ. ಅದನ್ನು ತೆಗೆಯಬೇಡ ಎಂದು ಮಗಳಿಗೆ ಹೇಳಿದ್ದೇನೆ.