26 ಅಡಿ ನೋಡಿ ಬಂದೆ, 19 ಅಡಿ ಕೊಂಡೆ

ಕೊಚ್ಚಿಯ ಬೋಟ್ ಶೋಗೆ ಹೊರಡುವಾಗಲೇ ಅಳತೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. 26 ಅಡಿ. ಅದಕ್ಕಿಂತ ಒಂದು ಇಂಚೂ ಕಡಿಮೆ ಬೇಡ.

ಹೊನ್ನಾವರದ ಹತ್ತಿರ ಶರಾವತಿಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತಾಡಿಸುವುದು ನನ್ನ ಕೆಲಸ. ಎರಡು ವರ್ಷ ಮಾವನ ಹಳೆಯ ಮರದ ದೋಣಿಯನ್ನೇ ಓಡಿಸಿದೆ. ಹಲಗೆ ಸಂದಿಯಲ್ಲಿ ನೀರು ಜಿನುಗಲು ಶುರುವಾಯಿತು. ಎಷ್ಟು ಸಲ ಸಂದಿ ತುಂಬಿಸಿದರೂ ತಿಂಗಳಿಗೆ ಮತ್ತೆ ಅದೇ ಕಥೆ. ಇನ್ನು ಸ್ವಂತಕ್ಕೊಂದು ಫೈಬರ್ ದೋಣಿ ಮಾಡಿಸಬೇಕು, ಮಾಡಿಸುವುದಾದರೆ ದೊಡ್ಡದೇ ಇರಲಿ ಅನ್ನೋ ಆಸೆ.

ಶೋದಲ್ಲಿ ಮೊದಲ ದಿನ ಸುಮ್ನೆ ನೋಡುತ್ತಾ ತಿರುಗಿದೆ. ದೊಡ್ಡ ದೋಣಿಗಳ ಸುತ್ತ ಜನ ಮುತ್ತಿಕೊಂಡಿದ್ದರು. ಹತ್ತುವವರು, ಇಳಿಯುವವರು, ಫೋಟೋ ತೆಗೆಸಿಕೊಳ್ಳುವವರು. ಎರಡನೇ ದಿನ ನನ್ನ ಕಣ್ಣಿಗೆ ಬೇರೆಯದೇ ಬಿತ್ತು. ಕುರ್ಚಿ ಎಳೆದುಕೊಂಡು ಕೂತು, ಕಾಗದ ತೆಗೆದು, ರೇಟು ಮಾತಾಡುವವರು ಇದ್ದದ್ದು 16ರಿಂದ 20 ಅಡಿಯ ದೋಣಿಗಳ ಮುಂದೆ, ಮತ್ತೆ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗಡೆ ಕಟ್ಟುವ ಇಂಜಿನ್‌ಗಳ ಅಂಗಡಿಗಳ ಮುಂದೆ. ಕೇರಳದ ಒಬ್ಬ ದೋಣಿ ತಯಾರಕರ ಹತ್ತಿರ ಇದನ್ನೇ ಕೇಳಿದೆ. "ತೋರಿಸೋದು ದೊಡ್ಡದನ್ನ, ಆರ್ಡರ್ ಬರೋದು ಚಿಕ್ಕದಕ್ಕೆ" ಅಂದರು. ಅವರು ಕೆಲಸ ಮಾಡಿಸಲು ಮಲ್ಪೆಗೆ ಬಂದು ಹೋಗುತ್ತಿದ್ದವರು, ಸ್ವಲ್ಪ ಕನ್ನಡ ಬರುತ್ತಿತ್ತು.

ಇದು ಕೊಚ್ಚಿಯ ಮಾತು ಮಾತ್ರ ಅಲ್ಲ. ಅಮೆರಿಕದಲ್ಲಿ ನೀರಿನ ಮೇಲಿರುವ ದೋಣಿಗಳಲ್ಲಿ ನೂರಕ್ಕೆ 95 ದೋಣಿಗಳು 26 ಅಡಿಗಿಂತ ಚಿಕ್ಕವು ಎಂದು ಅಲ್ಲಿನ ದೋಣಿ ತಯಾರಕರ ಸಂಘವೇ ಹೇಳುತ್ತದೆ. ನಾನು ಕನಿಷ್ಠ ಅಂದುಕೊಂಡಿದ್ದ ಅಳತೆ ಅಲ್ಲಿ ಹೆಚ್ಚುಕಡಿಮೆ ಎಲ್ಲರ ದೋಣಿಗಿಂತ ದೊಡ್ಡದು! 2020ರಲ್ಲಿ ಕೊರೋನಾ ಬಂದು ಜನ ಬೇರೆಲ್ಲೂ ಹೋಗಲಾಗದೆ ನೀರಿಗಿಳಿದಾಗ, ಆ ದೇಶದಲ್ಲಿ 3 ಲಕ್ಷಕ್ಕೂ ಜಾಸ್ತಿ ಹೊಸ ಮೋಟಾರ್ ದೋಣಿಗಳು ಮಾರಾಟವಾದವು. ಮುಂದೆ ಸಾಲದ ಬಡ್ಡಿ ಏರಿತು, ಮಾರಾಟ ಇಳಿಯಿತು. ನಾನೂ ಸಾಲ ಮಾಡಿಯೇ ಕೊಳ್ಳಬೇಕಿದ್ದವನು. ಹಾಗಾಗಿ ಈ ಏರಿಳಿತ ನನಗೆ ದೂರದ ಸುದ್ದಿ ಅನ್ನಿಸಲಿಲ್ಲ. ಒಳ್ಳೆಯ ಸೀಸನ್ ನೋಡಿ ದೊಡ್ಡ ಸಾಲ ಮಾಡಿದರೆ, ಕೆಟ್ಟ ಸೀಸನ್‌ನಲ್ಲೂ ಅದೇ ಕಂತು ಕಟ್ಟಬೇಕು.

ಶೋದಲ್ಲಿ ಸಿಕ್ಕ ಆ ಕೇರಳದ ತಯಾರಕರು ನನಗೆ ಮೂರು ಪ್ರಶ್ನೆ ಕೇಳಿದರು. ಇಳಿತದಲ್ಲಿ ನಿಮ್ಮ ದಾರಿಯಲ್ಲಿ ನೀರೆಷ್ಟು? ಮಾಮೂಲಿ ದಿನ ಒಂದು ಸುತ್ತಿಗೆ ಎಷ್ಟು ಜನ? ಜೂನ್‌ನಲ್ಲಿ ಮಳೆ ಹಿಡಿದಾಗ ದೋಣಿಯನ್ನು ದಡಕ್ಕೆ ಎಳೆಯುವವರು ಯಾರು? ಮೊದಲನೆಯದಕ್ಕೇ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಮುಂಗಡ ಕೊಡದೆ ರೈಲು ಹತ್ತಿದೆ.

ಊರಿಗೆ ಬಂದು ಮಾಡಿದ ಮೊದಲ ಕೆಲಸ ಅಳೆಯುವುದು. ಅಮಾವಾಸ್ಯೆಗೆ ಕಾದೆ, ಅಮಾಸೆ ಹುಣ್ಣಿಮೆಯಲ್ಲಿ ಭರತವೂ ಜಾಸ್ತಿ, ಇಳಿತವೂ ಜಾಸ್ತಿ ಅಲ್ವಾ. ಬಿದಿರಿನ ಗಳಕ್ಕೆ ಅರ್ಧ ಅರ್ಧ ಅಡಿಗೆ ಕೆಂಪು ಬಣ್ಣ ಹಚ್ಚಿ, ಇಳಿತದ ಹೊತ್ತಿಗೆ ನಾನು ಹೋಗುವ ದಾರಿಯಲ್ಲೇ ಅಳೆಯುತ್ತಾ ಹೋದೆ. ಮೂರು ಅಡಿ, ಮೂರೂವರೆ, ಮೂರು. ಖುಷಿಯಾಯಿತು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು, "ತಮಾ, ನೀ ನೀರು ಅಳೀತಾ ಇಲ್ಲ, ಕೆಸರು ಅಳೀತಾ ಇದ್ದೆ."

ಗಳ ಕೆಸರೊಳಗೆ ಇಳಿಯುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅವರೇ ಒಂದು ತೆಂಗಿನ ಗೆರಟೆ ತರಿಸಿ, ಕವುಚಿ, ಗಳದ ತುದಿಗೆ ಮೊಳೆ ಹೊಡೆದು ಕೊಟ್ಟರು. ಈಗ ಗಳ ಕೆಸರಿನ ಮೇಲೆ ನಿಲ್ಲುತ್ತಿತ್ತು. ಮೂರು ಅಡಿ ಅಂದುಕೊಂಡ ಜಾಗದಲ್ಲಿ ಒಂದು ಮುಕ್ಕಾಲು ಅಡಿ. ಎರಡು ಕಡೆ ಒಂದೂಕಾಲು. ದೋಣಿ ಕೊಳ್ಳುವವರಿಗೆ ನಾನು ಹೇಳಲೇಬೇಕಾದ ಒಂದೇ ಉಪಾಯ ಇದ್ದರೆ ಅದು ಈ ಗೆರಟೆ.

ಅಲ್ಲಿಂದ ಲೆಕ್ಕವೆಲ್ಲ ತಿರುಗಿತು. ದೋಣಿ ನೀರಲ್ಲಿ ಎಷ್ಟು ಮುಳುಗುತ್ತದೆ ಅನ್ನುವುದರ ಜೊತೆ ಇಂಜಿನ್ನಿನ ಕಾಲನ್ನೂ, ಅಂದರೆ ನೀರಿಗಿಳಿಯುವ ಶಾಫ್ಟನ್ನೂ ಸೇರಿಸಬೇಕು. ಔಟ್‌ಬೋರ್ಡ್‌ನಲ್ಲಿ ಶಾರ್ಟ್ ಶಾಫ್ಟ್ ಅಂದರೆ 15 ಇಂಚು, ಲಾಂಗ್ ಅಂದರೆ 20 ಇಂಚು. ಯಾವುದೇ ಆದರೂ ಫ್ಯಾನು ದೋಣಿಯ ತಳಕ್ಕಿಂತ ಕೆಳಗೇ ತಿರುಗುತ್ತದೆ. 26 ಅಡಿಯ ದೋಣಿಗೆ ಜನ ತುಂಬಿ, ದೊಡ್ಡ ಇಂಜಿನ್ ಕಟ್ಟಿದರೆ, ನನ್ನ ದಾರಿಯ ಅರ್ಧ ಭಾಗ ಇಳಿತದ ಹೊತ್ತಿಗೆ ಮುಚ್ಚಿದ ಹಾಗೆಯೇ. ಅಗಲದ ಕಥೆಯೂ ಅದೇ. ಕಾಂಡ್ಲಾ ಒಳಗಿನ ಕವಲುಗಳಲ್ಲಿ ಕೆಲವು ಕಡೆ 30 ಅಡಿ ಜಾಗ ಸಿಕ್ಕರೆ ಹೆಚ್ಚು. 26 ಅಡಿಯ ದೋಣಿ ಅಲ್ಲಿ ತಿರುಗಿಸಲು ಹೋದರೆ ಬೇರುಗಳ ಮೇಲೇ ಕೂರುತ್ತದೆ. ಜನ ನೋಡಲು ಬರುವುದೇ ಆ ಕವಲುಗಳನ್ನು.

ಉದ್ದದ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ನನಗಿತ್ತು. 19ಕ್ಕೂ 26ಕ್ಕೂ ಏಳೇ ಅಡಿ ವ್ಯತ್ಯಾಸ ಅನ್ನಿಸುತ್ತದೆ. ಆದರೆ ದೋಣಿ ಉದ್ದವಾದ ಹಾಗೆ ಅಗಲವೂ ಎತ್ತರವೂ ಬೆಳೆಯುತ್ತವೆ. ಮೂರೂ ಅದೇ ಪ್ರಮಾಣದಲ್ಲಿ ಬೆಳೆದರೆ ಒಳಗಿನ ಗಾತ್ರ ಎರಡೂವರೆ ಪಟ್ಟು. ಫೈಬರ್, ರಾಳ, ಇಂಜಿನ್, ಎಳೆಯುವ ಆಳು, ಎಲ್ಲದಕ್ಕೂ ಅದರ ಬಿಸಿ ತಟ್ಟುತ್ತದೆ. ನಾಲ್ಕು ಸ್ಟ್ರೋಕಿನ 10 ಎಚ್‌ಪಿ ಇಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಹತ್ತಿರಹತ್ತಿರ 4 ಲೀಟರ್ ಪೆಟ್ರೋಲ್ ಕುಡಿಯುತ್ತದೆ. 40 ಎಚ್‌ಪಿಯದು 15 ಲೀಟರ್. ಇನ್ನು ವೇಗ? ನೀರನ್ನು ಸೀಳಿಕೊಂಡು ನಿಧಾನಕ್ಕೆ ಹೋಗುವ ದೋಣಿಯಲ್ಲಿ, ನೀರಿಗೆ ತಾಗುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ವೇಗ ಏರುತ್ತದೆ. ಆ ಲೆಕ್ಕದಲ್ಲಿ 19 ಅಡಿಗೆ ಗಂಟೆಗೆ ಸುಮಾರು 11 ಕಿಲೋಮೀಟರ್, 26 ಅಡಿಗೆ ಹನ್ನೆರಡೂವರೆ. ಹಕ್ಕಿ ತೋರಿಸುತ್ತಾ ಹೋಗುವವನಿಗೆ ಆ ಒಂದೂವರೆ ಕಿಲೋಮೀಟರ್ ಏನಕ್ಕೆ?

ಜನರ ಲೆಕ್ಕಕ್ಕೆ ನನ್ನ ಹಳೆಯ ಪುಸ್ತಕ ತೆಗೆದೆ. ಪ್ರತಿ ಸುತ್ತಿಗೆ ಎಷ್ಟು ಜನ ಅಂತ ಬರೆದಿಟ್ಟಿದ್ದೆ. ಹತ್ತರಲ್ಲಿ ಎಂಟು ಸಲ ಆರು ಜನ ಅಥವಾ ಅದಕ್ಕಿಂತ ಕಡಿಮೆ. ಹನ್ನೆರಡು ಜನ ಒಟ್ಟಿಗೆ ಬರುವುದು ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗೆ ಒಂದು ಸುಲಭ ಸೂತ್ರ ಇದೆ: ಉದ್ದ ಗುಣಿಸು ಅಗಲ, ಭಾಗಿಸು 15. ಎಲ್ಲ ಅಡಿಯಲ್ಲಿ. 19 ಅಡಿ ಉದ್ದ, 6 ಅಡಿ ಅಗಲಕ್ಕೆ ಏಳೂವರೆ ಬರುತ್ತದೆ, ಅಂದರೆ ಏಳು ಜನ. ಓಡಿಸುವ ನಾನೂ ಸೇರಿ. ಅಲ್ಲಿಗೆ ಆರು ಪ್ರವಾಸಿಗರು. ಪುಸ್ತಕವೂ ಸೂತ್ರವೂ ಒಂದೇ ಸಂಖ್ಯೆ ಹೇಳಿದವು.

ಈ ಸಂಖ್ಯೆಯ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮುಳುಗಿ 16 ಜನ ತೀರಿಕೊಂಡರು. ಹಿಡಿಸುವುದಕ್ಕಿಂತ ಜಾಸ್ತಿ ಜನ ಅದರಲ್ಲಿದ್ದರು ಎಂದು ವರದಿಗಳಲ್ಲಿ ಬಂತು. ನಮ್ಮ ಕರಾವಳಿಯಲ್ಲಿ ದೋಣಿ ಓಡಿಸುವ ಯಾರೂ ಆ ದಿನವನ್ನು ಮರೆತಿಲ್ಲ. ದೋಣಿ ದೊಡ್ಡದಾದರೆ ಭಯ ಕಡಿಮೆ ಅಂತ ಕೆಲವರು ಹೇಳುತ್ತಾರೆ. ದೊಡ್ಡ ದೋಣಿಯಲ್ಲಿ "ಇನ್ನಿಬ್ಬರು ಬರಲಿ" ಅನ್ನುವುದೂ ಸುಲಭ.

ಹಾಗಂತ ಚಿಕ್ಕದು ಎಲ್ಲರಿಗೂ ಸರಿ ಅಂತ ಅಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಕರೆದೊಯ್ಯುವವರು ತೆರೆದ ಸಮುದ್ರ ದಾಟಬೇಕು. ಅಲ್ಲಿ ಉದ್ದ ಬೇಕು, ಎತ್ತರದ ಅಂಚು ಬೇಕು, ಜೋರಿನ ಇಂಜಿನ್ ಬೇಕು. ನನ್ನ ದೋಣಿಯನ್ನು ನದಿ ಸಮುದ್ರ ಸೇರುವ ಅಳಿವೆಯಿಂದಾಚೆಗೆ ಒಯ್ಯುವುದು ಹುಚ್ಚುತನ. ಅಳಿವೆಯ ಮರಳು ಜಾಗ ಬದಲಿಸುತ್ತಲೇ ಇರುತ್ತದೆ, ಮೀನುಗಾರಿಕೆ ಬೋಟ್‌ಗಳೇ ಅಲ್ಲಿ ಸಿಕ್ಕಿಕೊಂಡಿವೆ. ನಾನು ನದಿಯೊಳಗಿನವನು. ಮೇಲೆ ಗೇರುಸೊಪ್ಪದ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹರಿವು ಜೋರಾಗುತ್ತದೆ, ಅಷ್ಟನ್ನು ನನ್ನ 9.9 ಎಚ್‌ಪಿ ಇಂಜಿನ್ ತಡೆದುಕೊಳ್ಳುತ್ತದೆ.

19 ಅಡಿಯ ದೋಣಿಗೆ ಆರ್ಡರ್ ಕೊಟ್ಟದ್ದು ಮಾರ್ಚ್‌ನಲ್ಲಿ. ಜರ್ಮನಿಯ ಡಸೆಲ್ಡಾರ್ಫ್ ಬೋಟ್ ಶೋ ನಡೆಯುವುದು ಜನವರಿಯಲ್ಲಿ, ಮಿಯಾಮಿಯದು ಫೆಬ್ರವರಿಯಲ್ಲಿ. ಜನ ಬೇಸಿಗೆಗೆ ಮೊದಲೇ ಬುಕ್ ಮಾಡಲಿ ಅಂತ. ನಮ್ಮಲ್ಲಿ ಬೇಗ ಆರ್ಡರ್ ಕೊಡಲು ಕಾರಣ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಎಲ್ಲ ಬೋಟ್‌ಗಳೂ ರಿಪೇರಿಗೆ ನಿಲ್ಲುತ್ತವೆ, ಕೆಲಸದವರು ಸಿಗುವುದಿಲ್ಲ. ಮಳೆಯ ತೇವದಲ್ಲಿ ಫೈಬರ್ ಸರಿಯಾಗಿ ಒಣಗುವುದೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅಚ್ಚಿನೊಳಗೆ ದೋಣಿ ತಯಾರಾಯಿತು. ನೂಲು ಹುಣ್ಣಿಮೆ ಕಳೆದ ಮೇಲೆ ತೆಂಗಿನಕಾಯಿ ಒಡೆದು ನೀರಿಗಿಳಿಸಿದೆವು. ಎಳೆಯಲು ನಾಲ್ಕೇ ಜನ ಸಾಕಾದರು.

ಕಳೆದ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಹನ್ನೊಂದು ಜನರ ಒಂದು ಕುಟುಂಬ ಬಂತು. ಒಂದೇ ಸುತ್ತಿಗೆ ಮುಗಿಸಿ ಅಂತ ಒತ್ತಾಯ. ಎರಡು ಸುತ್ತು ಮಾಡಿದೆ, ಎರಡನೆಯದಕ್ಕೆ ಐದು ಜನ, ಅವರಲ್ಲೊಬ್ಬರು ಅಜ್ಜಿ. ಅಷ್ಟರಲ್ಲಿ ಇಳಿತ ಶುರುವಾಗಿತ್ತು. ಕವಲಿನ ಕಿರಿದಾದ ಜಾಗದಲ್ಲಿ ಇಂಜಿನ್ ಎತ್ತಿ, ಗೆರಟೆ ಹೊಡೆದ ಅದೇ ಗಳ ಊರಿ ದೋಣಿ ತಳ್ಳಿದೆ. ಕೆಂಪು ಗುರುತು ಒಂದೂಕಾಲು ಅಡಿ ತೋರಿಸುತ್ತಿತ್ತು. ದೋಣಿ ಸದ್ದಿಲ್ಲದೆ ಜಾರಿಕೊಂಡು ಹೋಯಿತು. ಅಜ್ಜಿ ಅಂಚಿನಿಂದ ಕೈ ಚಾಚಿ ಕಾಂಡ್ಲಾ ಎಲೆ ಮುಟ್ಟಿ ನೋಡಿದರು.