ಮಗುವಿನ ಕಣ್ಣು: ಒಂದೊಂದಾಗಿ ಮುಚ್ಚಿ ನೋಡಿ

ನಾಲ್ಕು ವರ್ಷದ ಮಗು ‘ನನಗೆ ಮಬ್ಬು ಕಾಣಿಸ್ತಿದೆ’ ಎಂದು ದೂರುವುದಿಲ್ಲ. ಹುಟ್ಟಿನಿಂದ ಕಂಡದ್ದೇ ಹಾಗಿದ್ದರೆ ಅದಕ್ಕೆ ಹೋಲಿಸಲು ಬೇರೇನಿದೆ? ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದಕ್ಕೆ ಮಾತ್ರ ಪವರ್ ಇದ್ದರಂತೂ ಆಟ, ಓಟ, ಬಣ್ಣ ಹಚ್ಚುವುದು ಎಲ್ಲವೂ ಒಂದೇ ಕಣ್ಣಿನಲ್ಲಿ ನಡೆದುಹೋಗುತ್ತದೆ. ಬಳಕೆಯಿಲ್ಲದ ಕಣ್ಣನ್ನು ಮಿದುಳು ಕಡೆಗಣಿಸತೊಡಗುತ್ತದೆ. ಇದೇ ‘ಸೋಮಾರಿ ಕಣ್ಣು’.

ಮೊದಲು ಇದನ್ನು ಮಾಡಿ: ಮಗು ಆಟದ ಸಾಮಾನಿನಲ್ಲಿ ಮುಳುಗಿರುವಾಗ ಅಂಗೈಯಿಂದ ಒಂದು ಕಣ್ಣನ್ನು ಒತ್ತದೆ ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನು. ಒಂದು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದು ಮುಚ್ಚಿದೊಡನೆ ಕೈ ತಳ್ಳಿ ರಚ್ಚೆ ಹಿಡಿದರೆ, ನೀವು ಮುಚ್ಚಿದ್ದು ಚೆನ್ನಾಗಿ ಕಾಣುವ ಕಣ್ಣಿರಬಹುದು. ಇದು ಸುಳಿವಷ್ಟೇ. ಅಳಲಿಲ್ಲವೆಂದ ಮಾತ್ರಕ್ಕೆ ಕಣ್ಣು ಸರಿಯಿದೆ ಎಂದಲ್ಲ.

ಟಿವಿಗೆ ಅಂಟಿಕೊಂಡು ಕೂರುವುದು, ತಲೆ ವಾಲಿಸಿ ನೋಡುವುದು, ಬಿಸಿಲಿನಲ್ಲಿ ಒಂದೇ ಕಣ್ಣು ಮುಚ್ಚುವುದು ಕೂಡ ಸುಳಿವುಗಳೇ. ಮೆಳ್ಳೆಗಣ್ಣು ಅದೃಷ್ಟ ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ನಾಲ್ಕು ತಿಂಗಳಾದ ಮೇಲೂ ಕಣ್ಣು ಓರೆಯಾಗುತ್ತಿದ್ದರೆ ಅವರ ಮಾತು ಕೇಳಬೇಡಿ. ಫ್ಲ್ಯಾಶ್ ಫೋಟೊದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರೆ ತಡಮಾಡದೆ ತೋರಿಸಿ. ಪೊರೆ ಇರಬಹುದು, ಅಪರೂಪಕ್ಕೆ ಕಣ್ಣಿನ ಕ್ಯಾನ್ಸರ್ ಕೂಡ. 34 ವಾರಕ್ಕೆ ಮೊದಲೇ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗೆ ಸುಳಿವು ಕಾಯುವುದೇ ಬೇಡ, 30 ದಿನದೊಳಗೆ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಪರೀಕ್ಷೆ ಆಗಬೇಕು.

ಅಂಗನವಾಡಿಗೆ ಆರೋಗ್ಯ ತಂಡ ಬಂದಾಗ ಕೇಳಿ, ಇಲ್ಲವೇ ನೇರವಾಗಿ ಕಣ್ಣಿನ ವೈದ್ಯರ ಬಳಿ ಹೋಗಿ. ಕನ್ನಡಕದಂಗಡಿಯ ಕಂಪ್ಯೂಟರ್ ಟೆಸ್ಟ್ ಇಲ್ಲಿ ಸಾಲದು. ಮಕ್ಕಳು ಕಣ್ಣಿನ ಸ್ನಾಯು ಬಿಗಿಹಿಡಿದು ನೋಡುವುದರಿಂದ ಪವರ್ ತಪ್ಪಾಗಿ ಬರುತ್ತದೆ. ಡ್ರಾಪ್ಸ್ ಹಾಕಿ ಸ್ನಾಯು ಸಡಿಲಿಸಿಯೇ ನೋಡಬೇಕು.

ಕನ್ನಡಕ ಕೊಟ್ಟರೆ ಶಾಲೆಗೆ ಮಾತ್ರವಲ್ಲ, ದಿನವಿಡೀ ಹಾಕಿಸಿ. ಕ್ಯಾರೆಟ್ ರಸದಿಂದ ಪವರ್ ಇಳಿಯದು. ಸೋಮಾರಿ ಕಣ್ಣಿದ್ದರೆ ಚೆನ್ನಾಗಿರುವ ಕಣ್ಣಿಗೇ ಪ್ಯಾಚ್ ಹಾಕುತ್ತಾರೆ, ಎಷ್ಟೋ ಮಕ್ಕಳಿಗೆ ದಿನಕ್ಕೆ 2 ಗಂಟೆ ಸಾಕಾಗುತ್ತದೆ. ಕಾಣುವ ಕಣ್ಣನ್ನೇ ಮುಚ್ಚಿದರೆ ಮಗು ಕಿತ್ತೆಸೆಯದೆ ಇರುತ್ತದೆಯೇ? ಆ ಹೊತ್ತಿಗೆ ಅದಕ್ಕಿಷ್ಟವಾದ ಚಿತ್ರ, ಮಣಿ ಪೋಣಿಸುವ ಆಟ ಇಟ್ಟುಕೊಳ್ಳಿ. ಪ್ಯಾಚನ್ನು ಕನ್ನಡಕದ ಗಾಜಿನ ಮೇಲಲ್ಲ, ಚರ್ಮಕ್ಕೇ ಅಂಟಿಸಿ. ಇಲ್ಲದಿದ್ದರೆ ಸಂದಿಯಿಂದ ಇಣುಕುತ್ತದೆ. ಏಳು ವರ್ಷದೊಳಗೆ ಶುರುಮಾಡಿದರೆ ಫಲ ಹೆಚ್ಚು.

‘ಸೋಡಾಬುಡ್ಡಿ’ ಎಂದು ರೇಗಿಸುವವರು ಇದ್ದೇ ಇರುತ್ತಾರೆ, ಟೀಚರಿಗೆ ಮೊದಲೇ ಹೇಳಿಡಿ. ಕಣ್ಣು ಸರಿಹೋಯಿತೆಂದು ನೀವಾಗಿಯೇ ಪ್ಯಾಚ್ ನಿಲ್ಲಿಸಬೇಡಿ. ಸುಧಾರಿಸಿದ ದೃಷ್ಟಿ ಮತ್ತೆ ಕುಗ್ಗುವುದುಂಟು.