ಕೌದಿ ಹೊಲಿದವಳಿಗೆ ಸಂಸಾರ ನಡೆಯುವಷ್ಟು ಕೂಲಿ ಸಿಕ್ಕಿತೇ? ಲೆಕ್ಕ ಹಾಕುವ ಬಗೆ

ಶಿರಸಿಯಲ್ಲಿ ಕರಕುಶಲ ವಸ್ತು ಮಾರುವ ಸಣ್ಣದೊಂದು ಸಂಘದ ಲೆಕ್ಕ ಬರೆಯುವವಳು ನಾನು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ, ಗುಡಿಗಾರರ ಮರದ ಕೆತ್ತನೆ, ಅಡಿಕೆ ಹಾಳೆಯ ತಟ್ಟೆ ಎಲ್ಲ ನಮ್ಮಲ್ಲಿಗೆ ಬರುತ್ತವೆ. ಪೇಟೆಯಿಂದ ಬಂದ ಗಿರಾಕಿಗಳು ಮೊದಲು ಕೇಳುವುದು, 'ಇದು ಫೇರ್ ಟ್ರೇಡಾ?' ಅಂದರೆ, ಮಾಡಿದವರಿಗೆ ನ್ಯಾಯವಾದ ದರ ಕೊಟ್ಟು ತಂದದ್ದಾ ಅಂತ. ಹೌದು ಅಂದರೆ ಅವರಿಗೆ ಸಮಾಧಾನ. ಆದರೆ ಆ ಮುದ್ರೆ ವ್ಯಾಪಾರ ಮಾಡುವ ಸಂಸ್ಥೆಗೆ ಸಿಕ್ಕಿದ್ದು. ಹೊಲಿದವಳ ಮನೆಯ ಜಮಾಖರ್ಚು ನೀವೇ ನೋಡಬೇಕು.

ದರಪಟ್ಟಿ ಪಕ್ಕಕ್ಕಿಡಿ, ಮನೆಖರ್ಚಿನಿಂದ ಶುರು ಮಾಡಿ. ಜೀವನ ವೇತನ, ಅಂದರೆ ಸಂಸಾರ ಮರ್ಯಾದೆಯಿಂದ ನಡೆಯುವಷ್ಟು ಕೂಲಿ, ಅಳೆಯಲು ರಿಚರ್ಡ್ ಮತ್ತು ಮಾರ್ಥಾ ಆಂಕರ್ ರೂಪಿಸಿದ ಪದ್ಧತಿ ಇದೆ: ಊಟ, ಮನೆ, ಉಳಿದ ಅಗತ್ಯ, ಮೇಲೆ ಆಪತ್ತಿಗೆಂದು ಸ್ವಲ್ಪ, ಒಟ್ಟನ್ನು ಮನೆಯಲ್ಲಿ ದುಡಿಯುವವರ ಸಂಖ್ಯೆಯಿಂದ ಭಾಗಿಸುವುದು. ನಮ್ಮಲ್ಲೂ 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ದೊಡ್ಡವರೊಬ್ಬರಿಗೆ ದಿನಕ್ಕೆ 2700 ಕ್ಯಾಲರಿ ಊಟ, ತಲೆಗೆ ವರ್ಷಕ್ಕೆ 18 ಗಜ ಬಟ್ಟೆ ಎಂದೆಲ್ಲ ಬರೆದಿಟ್ಟಿತ್ತು. ಮಕ್ಕಳ ಓದು, ಔಷಧಿ, ಮದುವೆ ಮುಂತಾದ್ದಕ್ಕೆ ಇನ್ನೂ ಶೇ 25 ಸೇರಬೇಕು ಎಂದು ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಇಷ್ಟಾದರೂ ಅದು ಕನಿಷ್ಠ ಕೂಲಿಯೇ. ಸಂವಿಧಾನದ 43ನೇ ವಿಧಿಯ ಜೀವನ ವೇತನ ಅದಕ್ಕೂ ಮೇಲಿನದು.

ದರ ಆ ಊರಿನ ಅಂಗಡಿಯದೇ ಇರಲಿ. ಮೀನಿಗೆ ಕರಾವಳಿಯ ಅಂಕೋಲಾ, ಕುಮಟಾದ ದರ ಬರೆಯಬೇಡಿ; ಘಟ್ಟ ಹತ್ತಿ ಬಂದ ಮೇಲೆ ಬೇರೆಯೇ ರೇಟು. ಆಪತ್ತಿನ ಬಾಬತ್ತಿಗೆ ಆಂಕರ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಶೇ 5 ಇಡುತ್ತಾರೆ. ನಮ್ಮ ಜಿಲ್ಲೆಗೆ ಅದು ಸಾಲದು ಅಂತ ನನ್ನ ಹಟ. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಜೊತೆಗೆ ಹೋದವರ ಊಟ, ವಸತಿ, ಕೂಲಿ ತಪ್ಪಿದ್ದು ಎಲ್ಲ ಸೇರುತ್ತದೆ.

ರೇಷನ್ ಅಕ್ಕಿಯನ್ನೂ ಗೃಹಲಕ್ಷ್ಮಿಯ 2000 ರೂಪಾಯಿಯನ್ನೂ ಖರ್ಚಿನಲ್ಲಿ ಕಳೆಯಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಅದು ಸರ್ಕಾರ ಕೊಟ್ಟದ್ದು. ಅದನ್ನು ತೋರಿಸಿ ಕೌದಿಯ ದರ ಇಳಿಸಿದರೆ ಲಾಭ ಖರೀದಿದಾರನ ಜೇಬಿಗೆ ಹೋಗುತ್ತದೆ.

ಇನ್ನು ತಾಸಿನ ಲೆಕ್ಕ. ಜಾಸ್ತಿ ತಪ್ಪು ಆಗುವುದು ಇಲ್ಲೇ. 'ಅಕ್ಕಾ, ಒಂದು ಕೌದಿಗೆ ಎಷ್ಟು ದಿನ ಬೇಕು?' ಅಂದರೆ 'ಹದಿನೈದು ದಿನ ಆಗ್ತದೆ' ಅಂತಾರೆ. ಆ ಹದಿನೈದು ದಿನದಲ್ಲಿ ಗದ್ದೆ, ದನ, ಅಡುಗೆ, ಮೊಮ್ಮಗು ಎಲ್ಲ ಇವೆ. ಪಕ್ಕದಲ್ಲೇ ಕೂತು ನೋಡಿ. ಸಿದ್ದಿ ಕೌದಿಯ ಹೊಲಿಗೆ ಮೂಲೆಯಿಂದ ಹೊರಟು ಅಂಚು ಸುತ್ತುತ್ತ ನಡುವಿಗೆ ಬರುತ್ತದೆ. ತುಂಡು ಬಟ್ಟೆಗಳನ್ನು ಕೈಯಲ್ಲೇ ಮಡಚಿ ಕೂರಿಸುತ್ತ ಹೋಗುತ್ತಾರೆ. ಹೊರಗಿನ ಸುತ್ತು ಉದ್ದ, ಒಳಗಿನದು ಗಿಡ್ಡ. ಹಾಗಾಗಿ ಸುತ್ತು ಎಣಿಸಿದರೆ ಲೆಕ್ಕ ಕೆಡುತ್ತದೆ. ಒಂದು ತಾಸಿಗೆ ಎಷ್ಟು ಗೇಣು ಹೊಲಿಗೆ ಸಾಗಿತು ಅಂತ ಅಳೆಯಿರಿ. ಹಳೆ ಸೀರೆ ಒಗೆದು ಒಣಗಿಸಿದ್ದು, ತುಂಡು ಆರಿಸಿದ್ದು, ಕೊನೆಗೆ ನಾಲ್ಕು ಮೂಲೆಗೆ ಫೂಲ (ಹೂವಿನ ಹಾಗೆ ಮಡಚಿದ ಬಟ್ಟೆತುಂಡು) ಕೂರಿಸಿದ್ದು ಕೂಡ ಕೆಲಸವೇ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬೆಳಕೂ ಇರುವುದಿಲ್ಲ. ಮಾರ್ಚ್‌ನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಅಳೆದರೆ ಸರಿ.

ಲೆಕ್ಕ ಬಿಡಿಸಲು ಅಂದಾಜಿನ ಅಂಕಿ ಹಿಡಿಯೋಣ. ಕೌದಿಗೆ 3000 ರೂಪಾಯಿ. ನೂಲು, ಬಟ್ಟೆಗೆ 300 ಕಳೆದರೆ 2700. ಕೆಲಸ 60 ತಾಸು. ತಾಸಿಗೆ 45, ಎಂಟು ತಾಸಿನ ದಿನಕ್ಕೆ 360, ತಿಂಗಳಿಗೆ 26 ದಿನ ಅಂದರೆ 9360. ಮನೆಖರ್ಚು 21,000 ಇದ್ದು, ದುಡಿಯುವವರು 1.75 (ಒಬ್ಬರು ಪೂರ್ತಿ, ಇನ್ನೊಬ್ಬರು ಮುಕ್ಕಾಲು ಹೊತ್ತು) ಎಂದರೆ ಒಬ್ಬರಿಗೆ 12,000 ಬೇಕು. ದರ ಸಾಲದು. ವರ್ಷದಲ್ಲಿ ಎಂಟೇ ತಿಂಗಳು ಆರ್ಡರ್ ಇದ್ದರೆ ಕೈಗೆ ಬರುವುದು ತಿಂಗಳಿಗೆ ಸರಾಸರಿ 6240. ಇವೆರಡನ್ನೂ ಒಂದೇ ಕಂತೆ ಮಾಡಬೇಡಿ. ಮೊದಲನೆಯದು ದರದ ಕೊರತೆ, ಎರಡನೆಯದು ಕೆಲಸದ ಕೊರತೆ. ಆರ್ಡರ್ ಇಲ್ಲದ ಕಡೆ ದರವನ್ನಷ್ಟೇ ಏರಿಸಿ ಕೈತೊಳೆದುಕೊಂಡವರನ್ನು ಕಂಡಿದ್ದೇನೆ.

ದಿನದ ಅಂಕಿಯನ್ನು ರಾಜ್ಯದ ಕನಿಷ್ಠ ಕೂಲಿಯ ಜೊತೆಗೂ ಹೋಲಿಸಿ. ತುಟ್ಟಿಭತ್ಯೆ ಬದಲಾಗುವುದರಿಂದ ಈ ವರ್ಷದ ಆದೇಶವೇ ಬೇಕು.

ಮುಂಗಡದ ವಿಷಯ ಕೇಳದೆ ಏಳಬೇಡಿ. ಕುಶಲಕರ್ಮಿ ಕೇಳಿದರೆ ಕನಿಷ್ಠ ಶೇ 50 ಬಡ್ಡಿಯಿಲ್ಲದ ಮುಂಗಡ ಕೊಡಬೇಕೆಂಬುದು ವಿಶ್ವ ಫೇರ್ ಟ್ರೇಡ್ ಸಂಘಟನೆಯ ನಿಯಮ. ಅದು ಸಿಗದೆ ಬಡ್ಡಿಗೆ ಸಾಲ ತಂದಿದ್ದರೆ ಆ ಬಡ್ಡಿಯನ್ನೂ ಮೇಲಿನ 2700 ರೂಪಾಯಿಯಿಂದ ಕಳೆಯಿರಿ. 'ಬಣ್ಣ ಸರಿಯಿಲ್ಲ' ಅಂತ ವಾಪಸು ಬಂದ ಕೌದಿಯ ನಷ್ಟ ಯಾರದು ಅಂತಲೂ ಕೇಳಿ. ಸಂಘದ ಮ್ಯಾನೇಜರ್ ಎದುರಿಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಆತ ಚಾ ಕುಡಿಯಲು ಎದ್ದಾಗ ಕೇಳಿ.

ಲೆಕ್ಕದ ಹಾಳೆಯ ಒಂದು ಪ್ರತಿ ಹೊಲಿದವರ ಮನೆಯಲ್ಲೇ ಬಿಟ್ಟು ಬನ್ನಿ. ಮುಂದಿನ ಆರ್ಡರಿಗೆ ದರ ಮಾತಾಡುವಾಗ ಅವರ ಕೈಯಲ್ಲೂ ಒಂದು ಕಾಗದ ಇರಲಿ.